ನಾವು ಕಣ್ಣು ಮುಚ್ಚಿದ್ದಾಗ ಎಣಿಸಿದ ಕೈಗಳು

ಹೊಳೆಯಾಚೆ

ಪರದೇಶಕ್ಕೆ ಹೋಗಿ ಬಂದೆ ಎಂದರೆ ಬಳ್ಳಾರಿಯ ನಮ್ಮ ಬೀದಿಯವರು ನಗುತ್ತಾರೆ. ನಾನು ಹಡಗು ಹತ್ತಲಿಲ್ಲ, ಸಮುದ್ರ ನೋಡಲಿಲ್ಲ. ಗುಂತಕಲ್ಲಿನಲ್ಲಿ ರೈಲು ಬದಲಿಸಿ, ಆದವಾನಿ ದಾಟಿ, ತುಂಗಭದ್ರೆಯ ಸೇತುವೆಯ ಮೇಲಿನ ಗಡಗಡ ಸದ್ದು ಮುಗಿಯುವುದರೊಳಗೆ ನನ್ನ ಪರದೇಶ ಬಂದುಬಿಟ್ಟಿತ್ತು. ಆದರೂ ಅದು ಪರದೇಶವೇ. ಹೊಳೆಯ ಈಚೆಯ ರೂಪಾಯಿಯನ್ನು ಆಚೆ ಬದಲಿಸಿಕೊಳ್ಳಬೇಕು. ಈಚೆಯ ತಿಂಗಳಿಗೆ ಆಚೆಯ ಕಚೇರಿಯಲ್ಲಿ ಬೇರೆ ಹೆಸರು. ಪೊಲೀಸ್ ಕಾರ್ಯಾಚರಣೆಯಾಗಿ, ನಿಜಾಮರ ಆಳ್ವಿಕೆ ಹೋಗಿ ಕೆಲವು ತಿಂಗಳಾಗಿದ್ದವು ನಿಜ. ಆದರೆ ಸುಂಕದ ಕಟ್ಟೆಯೂ ಉರ್ದು ಫಲಕಗಳೂ ಹಾಲಿ ಸಿಕ್ಕಾ ಎನ್ನುವ ಅಲ್ಲಿನ ನಾಣ್ಯವೂ ಈ ಸುದ್ದಿ ತಮಗಿನ್ನೂ ತಲುಪಿಲ್ಲವೆಂಬಂತೆ ಇದ್ದಲ್ಲೇ ಇದ್ದವು.

ಮಾನ್ವಿಯ ನಮ್ಮ ಕ್ರೈಸ್ತ ಬಂಧುಗಳು ಈ ವರ್ಷದ ಸುಗ್ಗಿ ಹಬ್ಬಕ್ಕೆ ಪ್ರಸಂಗ ಮಾಡಲು ನನ್ನನ್ನು ಕರೆದಿದ್ದರು. ನಾನು ಪಾದ್ರಿಯಲ್ಲ. ಮೆಟ್ರಿಕ್ ಮುಗಿಸಿ ರೈಲ್ವೆಯ ಗೂಡ್ಸ್ ಕಚೇರಿಯಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದ ಮುದುಕ. ಭಾನುವಾರಗಳಲ್ಲಿ ಅಲ್ಲಲ್ಲಿ ಮಾತಾಡುತ್ತೇನೆ. ನನ್ನ ಪ್ರಸಂಗ ಸಣ್ಣದು, ಪ್ರಾರ್ಥನೆ ಉದ್ದ. ತೀರಿಹೋದ ನನ್ನ ಹೆಂಡತಿ, ‘ನೀವು ಆಮೆನ್ ಅನ್ನೋದರೊಳಗೆ ಅನ್ನ ಸೀದು ಹೋಗುತ್ತೆ’ ಎನ್ನುತ್ತಿದ್ದಳು. ಅವಳು ಅದನ್ನು ದೂರಾಗಿ ಹೇಳುತ್ತಿದ್ದಳು, ನಾನು ಹೊಗಳಿಕೆಯೆಂದು ತಿಳಿಯುತ್ತಿದ್ದೆ.

ಈ ಪ್ರಯಾಣದಲ್ಲಿ ಕಂಡದ್ದನ್ನು ನಮ್ಮವರಿಗೆ ಹೇಳಬೇಕೆಂದು ಬರೆಯುತ್ತಿದ್ದೇನೆ. ಅಲ್ಲಿ ನಾನು ಮಾಡಿದ ಒಂದು ತಪ್ಪನ್ನೂ ಅದರ ಜೊತೆಗೇ ಹೇಳಬೇಕು. ಅದನ್ನು ಬಿಟ್ಟು ಊಟ, ಉಪಚಾರ, ಜೋಳದ ಹೊಲಗಳ ಸೊಗಸನ್ನಷ್ಟೇ ಬರೆದರೆ ಅದು ಸುಳ್ಳಿನ ಪ್ರವಾಸವಾಗುತ್ತದೆ.

ರಾಯಚೂರು

ರಾಯಚೂರು ಸ್ಟೇಷನ್ನಿನಲ್ಲಿ ಸುಂಕದ ಜವಾನನೊಬ್ಬ ನನ್ನ ಟ್ರಂಕು ಬಿಚ್ಚಿಸಿದ. ಪಂಚೆಯಲ್ಲಿ ಸುತ್ತಿದ್ದ ಬಾಟಲಿ ಅವನ ಕೈಗೆ ಸಿಕ್ಕಿತು. ಕರ್ತನ ಭೋಜನದ ಸಂಸ್ಕಾರಕ್ಕೆ ಬೇಕಾದ ದ್ರಾಕ್ಷಿ ರಸ ಮಾನ್ವಿಯಲ್ಲಿ ಸಿಗುವುದಿಲ್ಲವೆಂದು ನಾನೇ ಮನೆಯಲ್ಲಿ ಕುದಿಸಿ, ಸೋಸಿ ತಂದಿದ್ದೆ.

“ಏನದ ಬುಡ್ಡ್ಯಾಗ?”

“ದ್ರಾಕ್ಷಿ ರಸ. ನಮ್ಮ ದೇವರ ಸೇವೆಗೆ.”

ಅವನು ಮೂಸಿ ನೋಡಿದ. “ಎಲ್ಲಾರೂ ದೇವರ ಸೇವಾಕ್ಕ ಅಂತಾರ. ಶರಾಬು ಹೊರಗಿಂದ ತರಂಗಿಲ್ಲ ಯಪ್ಪಾ. ಇಲ್ಲಿದ್ದೇ ಬೇಕಾದಷ್ಟದ.”

ಪಾನನಿಷೇಧ ಬಂದು ಒಣಗಿಹೋದ ಜಿಲ್ಲೆಯಿಂದ ಬಂದವನು ನಾನು. ನನ್ನ ಮೇಲೆ ಈ ಆಪಾದನೆ. ಶರಾಬಲ್ಲ, ಶರಾಬಲ್ಲ ಎಂದು ಎಷ್ಟು ಹೇಳಿದರೂ ಅವನು ಒಪ್ಪಲಿಲ್ಲ. “ಹಂಗಾದ್ರ ಕುಡದು ತೋರಸ್ರಿ” ಎಂದ. ಪ್ಲಾಟ್‌ಫಾರಂ ಮೇಲೆ ನಿಂತು ಎರಡು ಗುಟುಕು ಕುಡಿದೆ. ಸುತ್ತ ಮಂದಿ ಸೇರಿದರು. “ತಡೀರಿ, ಇನ್ನೊಂದು ಘಳಿಗಿ ನೋಡೂಣು, ಮುದುಕ ಹೊಯ್ದಾಡತಾನೇನು” ಎಂದು ಯಾರೋ ಹಿಂದಿನಿಂದ ಅಂದರು. ಎಲ್ಲರೂ ನಿಜವಾಗಿಯೂ ಕಾದರು. ನಾನು ಹೊಯ್ದಾಡಲಿಲ್ಲ. ಜವಾನನಿಗೆ ಅದು ಸ್ವಲ್ಪ ನಿರಾಸೆಯಾದಂತೆ ಕಂಡಿತು. ಆದರೂ ಬಟ್ಟೆಗಳನ್ನು ತಾನೇ ಮಡಚಿಟ್ಟು ಟ್ರಂಕು ಮುಚ್ಚಿ, “ತಪ್ಪು ತಿಳೀಬ್ಯಾಡ್ರಿ, ನೌಕರಿ” ಎಂದು ತನ್ನ ಪಾಲಿನ ಚಹಾದಲ್ಲಿ ಅರ್ಧವನ್ನು ಸಾಸರಿಗೆ ಹೊಯ್ದು ನನಗೆ ಕೊಟ್ಟ. ನಮ್ಮ ಕಡೆಯ ಅಧಿಕಾರಿಗಳು ತಪಾಸಣೆ ಮಾಡಿದ್ದನ್ನು ಕಂಡಿದ್ದೇನೆ, ಆಮೇಲೆ ಚಹಾ ಕೊಟ್ಟದ್ದನ್ನು ಕಂಡಿಲ್ಲ.

ದೇವದುರ್ಗ

ಮಾನ್ವಿಗೆ ಹೋಗುವ ಮೊದಲು ದೇವದುರ್ಗದಲ್ಲಿರುವ ಕೆಲವು ಕುಟುಂಬಗಳನ್ನು ನೋಡಿ ಬರಬೇಕಿತ್ತು. ಇದ್ದಿಲಿನಿಂದ ಓಡುವ ಬಸ್ಸು ಕಲ್ಮಲದ ಹತ್ತಿರ ಕೆಮ್ಮಿ ನಿಂತಿತು. ಯಾರೂ ಹೇಳದೆಯೇ ಗಂಡಸರೆಲ್ಲ ಇಳಿದು ಹಿಂದಕ್ಕೆ ಹೋದರು. ಅಲ್ಲಿ ಟಿಕೆಟ್ ಕೊಂಡವನು ಬಸ್ಸು ತಳ್ಳುವುದೂ ಪ್ರಯಾಣದ ಒಂದು ಭಾಗವೇ. ನಾನು ವಯಸ್ಸಾದವನೆಂದು ಕೂತೇ ಇದ್ದೆ. ಕಿಟಕಿಯ ಬಳಿ ಬಂದು ಒಬ್ಬ ಹೇಳಿದ: “ಅಜ್ಜಾ, ನೀವು ತಳ್ಳೂದು ಬ್ಯಾಡ, ಇಳೀರಿ ಸಾಕು. ಅಷ್ಟ ಭಾರ ಕಡಿಮಿ ಆಗ್ತದ.” ಇಳಿದೆ.

ದೇವದುರ್ಗದಲ್ಲಿ ಕಲ್ಲು ಕೆಲಸದ ರತ್ನಪ್ಪ ಮತ್ತು ಅವನ ಹೆಂಡತಿ ಮರಿಯಮ್ಮನ ಮನೆಯಲ್ಲಿ ಇಳಿದುಕೊಂಡೆ. ಆ ಸೀಮೆಯ ಮನೆಗಳಿಗೆ ಹೆಂಚಿಲ್ಲ, ಮಣ್ಣಿನ ಮಾಳಿಗೆ. ಅಡುಗೆಮನೆಗೆ ಬೆಳಕು ಬರಲೆಂದು, ಹೊಗೆ ಹೋಗಲೆಂದು ಮಾಳಿಗೆಯಲ್ಲಿ ಒಂದು ತೂತು ಬಿಟ್ಟಿರುತ್ತಾರೆ. ಬೆಳಿಗ್ಗೆ ಬಿಸಿಲು ಕಾಯಲು ಮೇಲೆ ಹತ್ತಿದವನು ದೂರದ ಗುಡ್ಡಗಳನ್ನು ನೋಡುತ್ತ ಹಿಂದಕ್ಕೆ ಸರಿದೆ. ಒಂದು ಕಾಲು ಆ ತೂತಿಗೆ ಹೋಯಿತು. ಕಾಲು ಉಳಿಯಿತು, ಚಪ್ಪಲಿ ಹೋಯಿತು. ಕೆಳಗೆ ‘ಗುಳುಂ’ ಎಂದು ಸದ್ದಾಯಿತು. ಆಮೇಲೆ ಮರಿಯಮ್ಮನ ಧ್ವನಿ ತೂತಿನಿಂದ ಮೇಲೆ ಬಂತು.

“ಯಪ್ಪಾ, ಅಂಬಲಿಗಿ ಉಪ್ಪು ಹಾಕೀನಿ. ಮತ್ತೇನೂ ಬ್ಯಾಡಾಗಿತ್ತು.”

ಮತ್ತೆ ಅಂಬಲಿ ಮಾಡಿದಳು. ಪುಂಡಿಪಲ್ಯ, ಬಿಸಿ ರೊಟ್ಟಿ, ಗುರೆಳ್ಳು ಪುಡಿಯ ಜೊತೆ ಬಡಿಸುತ್ತ, ಬಂದ ನೆರೆಮನೆಯವರಿಗೆಲ್ಲ ಚಪ್ಪಲಿಯ ಕಥೆ ಹೇಳಿದಳು. ನನ್ನ ಮುಂದೆಯೇ ಹೇಳಿದಳು, ಪ್ರತಿ ಸಾರಿಯೂ ಗುಳುಂ ಎಂಬ ಸದ್ದು ದೊಡ್ಡದಾಗುತ್ತ ಹೋಯಿತು. ಅಷ್ಟು ಸಲುಗೆ ಸಿಕ್ಕಿದ್ದಕ್ಕೆ ನನಗೆ ಖುಷಿಯಾಯಿತು.

ಊಟವಾದ ಮೇಲೆ ರತ್ನಪ್ಪ ಒಂದು ಪ್ರಶ್ನೆ ಕೇಳಿದ. “ಇನ್ನ ಮ್ಯಾಲ ಎಲ್ಲಾರಿಗೂ ಓಟು ಬರ್ತದಂತ. ಊರಾಗ ಯಾವುದು ಸರಿ, ಯಾವುದು ತಪ್ಪು ಅಂತ ಮಾತು ಬಂದ್ರ ನಾವೂ ಎದ್ದು ಹೇಳಬೇಕೇನ್ರಿ? ಕ್ರಿಸ್ತಾನರು ಹಂಗ ಹೇಳಬಹುದೇನು?”

ನನ್ನ ಬಳಿ ಉತ್ತರ ಸಿದ್ಧವಿತ್ತು. ಎಷ್ಟೋ ವರ್ಷಗಳಿಂದ ಅದನ್ನೇ ಹೇಳುತ್ತ ಬಂದಿದ್ದೆ. ನಮ್ಮ ನಾಡು ಪರಲೋಕದಲ್ಲಿದೆ. ಆಳುವವರಿಗಾಗಿ ಪ್ರಾರ್ಥಿಸುವುದು ನಮ್ಮ ಕೆಲಸ. ಊರಿನ ಜಗಳಕ್ಕೆ ಕೈ ಹಾಕಿದರೆ ಕೈಗೂ ಕೆಸರು, ನಂಬಿಕೆಗೂ ಕೆಸರು. ನಾವು ಬೆರಳೆಣಿಕೆಯ ಮಂದಿ, ಯಾರ ಕಣ್ಣಿಗೂ ಬೀಳದಂತೆ ಇರುವುದೇ ಕ್ಷೇಮ. ಹೀಗೆಂದು ಹೇಳಿದೆ.

ರತ್ನಪ್ಪ ಬೀಡಿಯನ್ನು ಬೆರಳಿನಲ್ಲಿ ತಿರುಗಿಸುತ್ತ, “ಆತು ಬಿಡ್ರಿ. ಸುಮ್ಮ ಕೂಡೂದು ನಮಗೇನು ಹೊಸದಲ್ಲ” ಎಂದ. ಅವನು ಒಪ್ಪಿದನೆಂದು ನಾನು ತಿಳಿದೆ. ಈಗ ಆ ಮಾತನ್ನು ನೆನೆದರೆ ಬೇರೆಯಾಗಿಯೇ ಕೇಳಿಸುತ್ತದೆ.

ಮಾನ್ವಿ

ದೇವದುರ್ಗದಿಂದ ಸಿರವಾರದ ಮೇಲೆ ಚಕ್ಕಡಿಯಲ್ಲಿ ಮಾನ್ವಿಗೆ ಹೋದೆ. ಎರಡೂ ಕಡೆ ಎರೆಹೊಲ, ಬಿಳಿಜೋಳ ತೆನೆ ಬಾಗಿ ನಿಂತಿತ್ತು. ಮಾನ್ವಿಯಲ್ಲಿ ಉಪದೇಶಿ ದೇವಪ್ಪನ ಮನೆ. ಆತ ನಮ್ಮ ಮಕ್ಕಳಿಗೆ ಓದು ಹೇಳಿಕೊಡುವವನು, ಪಾದ್ರಿಗಳು ಬಾರದ ಭಾನುವಾರಗಳಲ್ಲಿ ಆರಾಧನೆ ನಡೆಸುವವನು. ಹಿರೇಕೊಟ್ನೆಕಲ್ಲಿನಿಂದ ನಮ್ಮವರು ಹಬ್ಬಕ್ಕೆಂದು ತೆನೆಯ ಕಟ್ಟು, ಕುಂಬಳಕಾಯಿ, ಕೋಳಿ ಹೊತ್ತುಕೊಂಡು ಮೊದಲೇ ಬಂದು ಸೇರಿದ್ದರು. ಎಲ್ಲರೂ ಕೂಲಿ ಮಾಡುವ ಜನ.

ನಾನು ಹೋದಾಗ ಜಗಲಿಯ ಮೇಲೆ ಹುಸೇನಬಿ ಎಂಬ ವಯಸ್ಸಾದ ಹೆಂಗಸು ಕೂತು ದೇವಪ್ಪನ ಹೆಂಡತಿ ಸಂತೋಷಮ್ಮನಿಗೆ ಹಬ್ಬದ ಬಳೆ ಇಡುತ್ತಿದ್ದಳು. ಕೈಯನ್ನು ಹಿಟ್ಟಿನಂತೆ ಹಿಸುಕುತ್ತ, ನೋವು ಗೊತ್ತಾಗದಿರಲೆಂದು ಮಾತಾಡಿಸುತ್ತ ಬಳೆ ಏರಿಸುತ್ತಿದ್ದಳು. ಮನೆಯಲ್ಲಿ ದಖನಿ, ಹೊರಗೆ ನಮ್ಮೆಲ್ಲರಿಗಿಂತ ಚೊಕ್ಕ ಕನ್ನಡ.

“ಹೊಳಿ ದಾಟಿ ಬಂದ ಪಾದ್ರಿಸಾಬ್ ಇವ್ರೇನು? ಕೂಡ್ರಿ. ನಿಮಗ ಬಳಿ ಇಡಂಗಿಲ್ಲ, ಅಂಜಬ್ಯಾಡ್ರಿ” ಎಂದಳು.

ಅವಳಿಗೆ ಬಂದಿದ್ದ ಕಷ್ಟವನ್ನು ದೇವಪ್ಪ ಹೇಳಿದ. ಸಂತೆಯಲ್ಲಿ ಬೇವಿನ ಮರದ ಕೆಳಗಿನ ಜಾಗ ಅವಳ ಅತ್ತೆಯ ಕಾಲದಿಂದ ಅವಳದು. ಆ ಸಾಲಿನಲ್ಲಿ ಕೂಡುವವರೆಲ್ಲ ಮುಸಲ್ಮಾನರು: ಕಲಾಯಿಯವರು, ತಂಬಾಕಿನವರು, ಹಗ್ಗದವರು. ಪೊಲೀಸ್ ಕಾರ್ಯಾಚರಣೆಯ ಗಲಾಟೆಯ ದಿನಗಳಲ್ಲಿ ಎದ್ದು ಹೋದವರು ಈಗ ಮತ್ತೆ ಬಂದು ಕೂಡಬೇಕೆಂದಿದ್ದರು. ಆ ಜಾಗಗಳನ್ನು ಬೇರೆಯವರಿಗೆ ಕೊಡಬೇಕೆಂದು ಕೆಲವು ಅಂಗಡಿಕಾರರು ಹಟ ಹಿಡಿದಿದ್ದರು. ಊರಿನ ಮಂದಿ ಸೇರಿ ಏನು ಹೇಳುತ್ತಾರೋ ಹಾಗೆ ಮಾಡೋಣವೆಂದು ತಹಶೀಲ್ದಾರರು ಹೇಳಿದ್ದರಂತೆ. ಮಾರನೆಯ ದಿನ ಚಾವಡಿಯ ಮುಂದೆ ಸಭೆ, ಹಿರಿಯ ವಕೀಲ ವೀರಭದ್ರಪ್ಪನವರು ಅಧ್ಯಕ್ಷರು, ಕೈ ಎತ್ತಿಸಿ ತೀರ್ಮಾನ. ಸಂತೆಗೆ ಬರುವ ಸುತ್ತಲಿನ ಹಳ್ಳಿಯವರೂ ಕೈ ಎತ್ತಬಹುದಿತ್ತು. ಮಾನ್ವಿಯಲ್ಲಿ ಅಂಥದ್ದು ಅದೇ ಮೊದಲು.

“ಮನೆಮನೆ ತಿರುಗಿ ಬಳೆ ಇಡಬಹುದಲ್ಲ?” ಎಂದು ನಾನು ಹುಸೇನಬಿಯನ್ನು ಕೇಳಿದೆ.

“ಇಡಬಹುದ್ರಿ, ಕಾಲು ಗಟ್ಟಿ ಇದ್ರ. ಮಗ ಗಲಾಟ್ಯಾಗ ಊರು ಬಿಟ್ಟಾಂವ ತಿರುಗಿ ಬಂದಿಲ್ಲ. ಸೊಸಿ, ಎರಡು ಕೂಸು ಅದಾವ.” ಬಳೆ ಇಡುವುದನ್ನು ಅವಳು ನಿಲ್ಲಿಸಲಿಲ್ಲ. “ಅದೂ ಅಲ್ಲದ, ನನ್ನ ಮಗ ಹುಡುಕ್ಕೊಂಡು ಬಂದ್ರ ಮೊದಲು ಆ ಬೇವಿನ ಗಿಡದ ಕೆಳಗ ಬರ್ತಾನ. ಅಲ್ಲಿ ಬ್ಯಾರೆ ಯಾರರ ಕುಂತಿದ್ರ ನಾ ಸತ್ತೀನಂತ ತಿಳ್ಕೊಂಡು ಹೋಗಿಬಿಡತಾನ.”

ಅವಳು ಹೋದ ಮೇಲೆ ದೇವಪ್ಪ, ನಾವೆಲ್ಲ ಅವಳ ಪರ ಕೈ ಎತ್ತಲು ಮಾತಾಡಿಕೊಂಡಿದ್ದೇವೆ ಎಂದ. ದೇವದುರ್ಗದಲ್ಲಿ ಹೇಳಿದ್ದನ್ನೇ ನಾನು ಇಲ್ಲಿಯೂ ಹೇಳಿದೆ. ಆತ ತಲೆ ತಗ್ಗಿಸಿ ಕೇಳಿದ. “ನೀವು ಹಿರಿಯರು, ನಿಮಗ ಎದುರು ಮಾತಾಡಂಗಿಲ್ಲ. ಆದ್ರ ಮಾತು ಕೊಟ್ಟೀನ್ರಿ. ನೀವೂ ಬಂದು ನಮ್ಮ ಜೋಡಿ ಕೂಡ್ರಿ, ಅಷ್ಟ ಸಾಕು” ಎಂದ. ಹೋದೆ.

ಚಾವಡಿಯ ಮುಂದೆ

ನಮ್ಮವರು ಎಂದಿನಂತೆ ಅಂಚಿನಲ್ಲಿ ಕೂತರು. ಲೆಕ್ಕ ಹಾಕಿದರೆ ಆ ಅಂಚಿನಲ್ಲಿದ್ದ ಕೈಗಳೇ ಆ ದಿನದ ತೀರ್ಮಾನವನ್ನು ಈ ಕಡೆಗೋ ಆ ಕಡೆಗೋ ಒಯ್ಯುವಷ್ಟಿದ್ದವು. ಅದು ನನಗೂ ತಿಳಿದಿತ್ತು.

ಕಿರಾಣಿ ಅಂಗಡಿಯ ಸಂಗಪ್ಪ ಎದ್ದು ಮಾತಾಡಿದ. ಅವನ ಮಾತು ಬರೀ ಹಟದ್ದಾಗಿರಲಿಲ್ಲ. “ನಿಜಾಮರ ಕಡಿ ರಜಾಕಾರರು ನನ್ನ ತಮ್ಮನ ಅಂಗಡಿ ಸುಟ್ಟರು. ಆವಾಗ ಈ ಸಾಲಿನ್ಯಾಗ ಕುಂತವರು ಯಾರರ ಒಬ್ಬರು ಬ್ಯಾಡ ಅಂದ್ರೇನು? ಈಗ ಅವರ ಪಕ್ಕಕ್ಕ ಕುಂತು ನಾ ಹೆಂಗ ವ್ಯಾಪಾರ ಮಾಡ್ಲಿ?” ಬಹಳ ಮಂದಿ ಹೌದು ಹೌದೆಂದರು. ಕೆಲವರು, ಆ ಹೆಂಗಸು ಏನು ಮಾಡಿದ್ದಳು ಎಂದರು. ಮಾತು ಏರಿತು. ಯಾರೋ ನಮ್ಮ ಕಡೆ ಬೆರಳು ತೋರಿಸಿ, “ಇವರೂ ಕೈ ಎತ್ತವರೇನು? ಮೊನ್ನಿ ಮೊನ್ನಿ ದೇವರನ್ನ ಬದಲು ಮಾಡಿದವರು ಊರಿಗಿ ಬುದ್ಧಿ ಹೇಳಾಕ ಬಂದಾರ” ಎಂದ. ನಗು ಎದ್ದಿತು. ದೇವಪ್ಪ ಉತ್ತರ ಕೊಡಲು ಅರ್ಧ ಎದ್ದ.

ನಾನು ಅವನ ತೋಳು ಹಿಡಿದು ಕೂರಿಸಿದೆ. “ಮೊದಲು ಪ್ರಾರ್ಥಿಸೋಣ” ಎಂದು ಮೆಲ್ಲಗೆ ಹೇಳಿ ಕಣ್ಣು ಮುಚ್ಚಿದೆ.

ಮಾನ್ವಿಯ ನಮ್ಮವರ ಒಂದು ರೂಢಿಯನ್ನು ಇಲ್ಲಿ ಹೇಳಬೇಕು. ಹಿಂದೆಲ್ಲ ಅವರು ಪ್ರಾರ್ಥನೆಯ ನಡುವೆ ಒಂದು ಕಣ್ಣು ತೆರೆದು ಹೊರಗೆ ಕಟ್ಟಿದ ಆಡುಗಳನ್ನು ನೋಡಿಕೊಳ್ಳುತ್ತಿದ್ದರಂತೆ. ದೇವಪ್ಪ ಅದನ್ನು ಬಿಡಿಸಲು ಬಹಳ ಪಾಡುಪಟ್ಟು, ಏನೇ ಆಗಲಿ, ಆಮೆನ್ ಅನ್ನುವ ತನಕ ಕಣ್ಣು ತೆರೆಯಬಾರದೆಂದು ಕಟ್ಟುಮಾಡಿದ್ದ. ಆಡು ಹಗ್ಗ ಬಿಚ್ಚಿಕೊಂಡು ಹೋದರೂ ಈಗ ಅವರು ತೆರೆಯುವುದಿಲ್ಲ. ನಾನು ಕಣ್ಣು ಮುಚ್ಚಿದ್ದನ್ನು ಕಂಡು ಸಾಲಿಗೆ ಸಾಲೇ ತಲೆ ಬಾಗಿ ಕಣ್ಣು ಮುಚ್ಚಿತು. ನಾನು ಪಿಸುಮಾತಿನಲ್ಲಿ ಪ್ರಾರ್ಥಿಸಿದೆ. ಶಾಂತಿಗಾಗಿ ಬೇಡಿದೆ, ಅಧಿಕಾರಿಗಳಿಗಾಗಿ, ಸಂಗಪ್ಪನಿಗಾಗಿ, ಹುಸೇನಬಿಗಾಗಿ, ಬೆಳೆಗಾಗಿ ಬೇಡಿದೆ.

ನಡುವೆ ವಕೀಲರ ಧ್ವನಿ ಕೇಳಿಸಿತು. “ಹಳೇ ಮಂದಿಗಿ ಹಳೇ ಜಾಗ ಇರಲಿ ಅನ್ನೋರು ಕೈ ಎತ್ರಿ.”

ನನ್ನ ತಪ್ಪು ಇದು. ನನಗೆ ಸ್ಪಷ್ಟವಾಗಿ ಕೇಳಿಸಿತ್ತು. ಆಮೆನ್ ಎಂಬ ಒಂದು ಮಾತು ಸಾಕಿತ್ತು, ಎಲ್ಲ ಕೈಗಳೂ ಮೇಲೇಳುತ್ತಿದ್ದವು. ನಾನು ಹೇಳಲಿಲ್ಲ. ಆ ನಗುವಿಗೆ ಅಂಜಿದ್ದೆ, ಸಂಗಪ್ಪನ ಕಡೆಯವರಿಗೆ ಅಂಜಿದ್ದೆ, ನಾನು ಬಂದಾಗಲೇ ನಮ್ಮವರಿಗೇನಾದರೂ ಆದರೆ ಎಂದು ಅಂಜಿದ್ದೆ. ಹಾಗಾಗಿ ಪ್ರಾರ್ಥನೆಯನ್ನು ಇನ್ನೂ ಬೆಳೆಸಿದೆ. ಉದ್ದ ಪ್ರಾರ್ಥನೆ ಮಾಡುವ ನನ್ನ ಅಭ್ಯಾಸ ಆ ದಿನ ನನಗೆ ಅಡಗಲು ಜಾಗವಾಯಿತು. “ಬ್ಯಾಡ ಅನ್ನೋರು” ಎಂದದ್ದೂ ಕೇಳಿಸಿತು. ಆಮೇಲೆ ಆಮೆನ್ ಎಂದೆ.

ಕಣ್ಣು ತೆರೆದಾಗ ಮಂದಿ ಎದ್ದು ಧೂಳು ಕೊಡವಿಕೊಳ್ಳುತ್ತಿದ್ದರು. ಹಿರೇಕೊಟ್ನೆಕಲ್ಲಿನ ಮುದುಕಿ ಸುವಾರ್ತಮ್ಮ ಆಗ ಕೈ ಎತ್ತಿದಳು. “ಯವ್ವಾ, ಕೈ ಇಳಸು. ಎಲ್ಲಾ ಎಣಿಸಿ ಮುಗೀತು” ಎಂದು ಯಾರೋ ಹೇಳಿದರು. ಅವಳಿಗೆ ಅರ್ಥವಾಗಲಿಲ್ಲ. ಎತ್ತಿದ ಕೈಯನ್ನು ಹಾಗೆಯೇ ಹಿಡಿದು ಸುತ್ತ ನೋಡಿದಳು. ಹುಸೇನಬಿಯ ಕಡೆಗೆ ಕೆಲವೇ ಕೈಗಳು ಕಡಿಮೆಯಾಗಿದ್ದವು.

ಸಂಗಪ್ಪ ಬಂದು ನನಗೆ ಕೈ ಮುಗಿದ. “ಛಲೋ ಮಾಡಿದ್ರಿ. ನೀವು ತಿಳಿದವರು. ನಿಮ್ಮ ಮಂದೀನ್ನ ಊರ ಉಸಾಬರಿಗಿ ಬಿಡಲಿಲ್ಲ.” ನನ್ನ ಬದುಕಿನಲ್ಲಿ ಅಷ್ಟು ಸುಡುವ ಹೊಗಳಿಕೆಯನ್ನು ನಾನು ಕೇಳಿಲ್ಲ. ಹುಸೇನಬಿ ತನ್ನ ಬುಟ್ಟಿ ಎತ್ತಿಕೊಂಡು ಹೋಗುವಾಗ ಸಂತೋಷಮ್ಮನ ಹತ್ತಿರ ನಿಂತಳು.

“ಯಾರ ಸಲುವಾಗಿ ಪ್ರಾರ್ಥನಾ ಮಾಡಿದ್ರಿ, ನನ್ನ ಸಲುವಾಗೇನು?”

“ಹೌದು” ಎಂದಳು ಸಂತೋಷಮ್ಮ.

“ದೇವರು ನಿಮಗ ಒಳ್ಳೇದು ಮಾಡ್ಲಿ ತಂಗಿ” ಎಂದು ಅವಳು ಹೋದಳು. ಅದರಲ್ಲಿ ಕೊಂಕಿರಲಿಲ್ಲ. ಕೊಂಕಿದ್ದರೆ ತಡೆದುಕೊಳ್ಳುವುದು ಸುಲಭವಾಗುತ್ತಿತ್ತು.

ಸುಗ್ಗಿ ಹಬ್ಬದ ಭಾನುವಾರ

ಪುಟ್ಟ ದೇವಾಲಯ ಜೋಳದ ತೆನೆಗಳಿಂದ ಹೊಳೆಯುತ್ತಿತ್ತು. ಕುಂಬಳಕಾಯಿಗಳ ನಡುವೆ ಕಾಲು ಕಟ್ಟಿದ ಕೋಳಿಗಳು ಆಗಾಗ ಕೂಗುತ್ತಿದ್ದವು. ನಮ್ಮ ಬಳ್ಳಾರಿಯ ದೇವಾಲಯದಲ್ಲಿ ಸುಗ್ಗಿ ಹಬ್ಬಕ್ಕೆ ಅಂಗಡಿಯಿಂದ ಕೊಂಡ ಹಣ್ಣು ಇಡುತ್ತೇವೆ. ಇಲ್ಲಿ ಇಟ್ಟದ್ದೆಲ್ಲ ಅವರ ಬೆನ್ನು ಬಾಗಿಸಿದ ಬೆಳೆ. ಆ ದಿನ ಎಲ್ಲರ ಮುಖವೂ ಬಾಡಿತ್ತು. ತಮ್ಮ ದಡ್ಡತನದಿಂದ ಆ ಹೆಂಗಸಿನ ಜಾಗ ಹೋಯಿತೆಂದು ಅವರು ತಿಳಿದಿದ್ದರು. ಸುವಾರ್ತಮ್ಮ ಬೆಳಗಿನಿಂದ, “ನನ್ನ ಕೈ ತಡಾ ಆತು, ನನ್ನ ಕೈ ತಡಾ ಆತು” ಎನ್ನುತ್ತಿದ್ದಳು.

ಪ್ರಸಂಗಕ್ಕೆ ನಿಂತೆ. ಬರೆದು ತಂದದ್ದು ಕಿಸೆಯಲ್ಲೇ ಉಳಿಯಿತು.

“ತಪ್ಪು ನಿಮ್ಮದಲ್ಲ. ವಕೀಲರು ಕೈ ಎತ್ತಿ ಅಂದದ್ದು ನನಗೆ ಕೇಳಿಸಿತ್ತು. ಕೇಳಿಸಿಯೂ ಪ್ರಾರ್ಥನೆ ಮುಗಿಸಲಿಲ್ಲ. ನನಗೆ ಹೆದರಿಕೆಯಾಯಿತು. ನನ್ನ ಹೆದರಿಕೆಗೆ ದೇವರ ಹೆಸರನ್ನು ಹೊದಿಸಿದೆ.”

ಒಂದು ಕೋಳಿ ಕೂಗಿತು. ದೇವಪ್ಪ ನೆಲ ನೋಡುತ್ತ ಕೂತಿದ್ದ. ಅವನ ಮುಖದಲ್ಲಿ ಸಿಟ್ಟು ಇತ್ತು, ಅದು ಇರಬೇಕಾದದ್ದೇ. ಕೊನೆಗೆ ಸುವಾರ್ತಮ್ಮ ಕೇಳಿದಳು, “ಹಂಗಾದ್ರ ನನ್ನ ಕೈ ತಡಾ ಆಗಿದ್ದಲ್ಲೇನಪ್ಪಾ?”

“ಅಲ್ಲವ್ವಾ. ನನ್ನ ಬಾಯಿ ತಡವಾಯಿತು.”

ಅವಳು ತನ್ನ ಕೈಯನ್ನೊಮ್ಮೆ ನೋಡಿಕೊಂಡಳು. “ಹೋಗ್ಲಿ ಬಿಡು. ಅಂಜಿಕಿ ಯಾರಿಗಿ ಬರಂಗಿಲ್ಲ? ಇಲ್ಲಿ ನಮ್ಮ ಮುಂದ ಅತ್ರ ಏನು ಬಂತು? ಎದ್ದು ವಕೀಲರ ಮನಿಗಿ ನಡಿ.”

ಆರಾಧನೆಯನ್ನು ಅಲ್ಲಿಗೇ ನಿಲ್ಲಿಸಿ ನಾನೂ ದೇವಪ್ಪನೂ ಹೋದೆವು. ಕರ್ತನ ಭೋಜನವನ್ನು ಬಂದ ಮೇಲೆ ತೆಗೆದುಕೊಳ್ಳೋಣವೆಂದು ಮಿಕ್ಕವರು ಕಾದು ಕೂತರು. ದಾರಿಯಲ್ಲಿ ದೇವಪ್ಪ, “ನಿಮ್ಮ ಮ್ಯಾಲ ಸಿಟ್ಟದ. ಆದ್ರ ನೀವು ಹೇಳದಿದ್ರ ನಮಗ ಎಂದೂ ಗೊತ್ತಾಗ್ತಿರಲಿಲ್ಲ” ಎಂದ.

ವೀರಭದ್ರಪ್ಪನವರು ಉರ್ದು ಕಚೇರಿಯಲ್ಲಿ ವಾದ ಮಾಡಿ ಮುದುಕರಾದವರು. ನನ್ನ ಮಾತನ್ನು ಕೊನೆಯ ತನಕ ಕೇಳಿದರು.

“ಒಮ್ಮೆ ಎಣಿಸಿದ ಕೈ ಎಣಿಸಿದ್ದೇ, ಪಾದ್ರಿಸಾಬ್. ಪ್ರಾರ್ಥನಾ ಮಾಡಾಕತ್ತಿದ್ವಿ, ಮತ್ತ ಎಣಸ್ರಿ ಅಂದ್ರ ನಾಳೆ ಮಲಗಿದವರೂ ಬರ್ತಾರ. ಆದ್ರ ನಾ ಇನ್ನೂ ತಹಶೀಲ್ದಾರರಿಗಿ ತಿಳಿಸಿಲ್ಲ. ಸಂತಿ ಹಿಂದಿನ ದಿನ ಮತ್ತೊಮ್ಮೆ ಮಂದಿ ಕೂಡಿಸ್ತೀನಿ. ಮತ್ತ ಎಣಸಬೇಕೋ ಬ್ಯಾಡೋ ಮಂದೀನ ಹೇಳಲಿ. ನೀವು ಎಲ್ಲಾರ ಮುಂದ ನಿಂತು ಈಗ ಹೇಳಿದ್ದನ್ನ ಹೇಳಬೇಕು.”

“ನಾನು ಹೊರಗಿನವನು. ಕ್ರೈಸ್ತನು. ಇಂಥ ಮಾತಿನಲ್ಲಿ ನಮ್ಮ ಶಾಸ್ತ್ರವನ್ನು ಎತ್ತಬಹುದೋ ಬಾರದೋ ತಿಳಿಯದು.”

“ನಿಮ್ಮ ಶಾಸ್ತ್ರ ಬಿಟ್ಟು ಬರ್ರಿ ಅನ್ನಂಗಿಲ್ಲ. ಅದು ಬಿಟ್ರ ನೀವು ನೀವಲ್ಲ. ಆದ್ರ ಅದನ್ನ ನಂಬದಾಂವಗೂ ತಿಳಿಯೂ ಹಂಗ ಹೇಳ್ರಿ. ಅವನು ಬ್ಯಾಡ ಅಂದ್ರ ಅವನ ಮಾತೂ ಕೇಳ್ರಿ. ಇನ್ನ ಮ್ಯಾಲ ಈ ದೇಶದಾಗ ಎಲ್ಲಾರೂ ಮಾಡಬೇಕಾದ್ದು ಇಷ್ಟ.” ಅವರು ನಕ್ಕರು. “ನನಗೂ ಇದು ಹೊಸದು ನೋಡ್ರಿ. ಇಲ್ಲೀಮಟ ನಾ ಹುಜೂರ್ ಅಂದು ಕೈಕಟ್ಟಿ ನಿಂತವನ.”

ಆ ಮಧ್ಯಾಹ್ನ ಉಳಿದಿದ್ದ ದ್ರಾಕ್ಷಿ ರಸದಿಂದ ಕರ್ತನ ಭೋಜನ ನಡೆಯಿತು. ದೇವಪ್ಪ ಮೊದಲು ನನಗೇ ಕೊಟ್ಟ.

ಸಂತೆಯ ಹಿಂದಿನ ದಿನ

ಈ ಸಾರಿ ಮಂದಿ ಹೆಚ್ಚು ಬಂದಿದ್ದರು. ಪಾದ್ರಿ ತಪ್ಪು ಒಪ್ಪುತ್ತಾನೆ ಎಂಬ ಸುದ್ದಿ ಹಬ್ಬಿತ್ತು. ನಾನು ಎದ್ದು ನಿಂತೆ. ನಡೆದದ್ದನ್ನು ಇದ್ದ ಹಾಗೆ ಹೇಳಿದೆ. ನಗುತ್ತಾರೆಂದುಕೊಂಡಿದ್ದೆ, ಒಬ್ಬಿಬ್ಬರು ನಕ್ಕರು ಕೂಡ. ಅದರಿಂದ ಏನೂ ಆಗಲಿಲ್ಲ.

ಆಮೇಲೆ ಹೇಳಿದೆ. “ನೆರೆಯವನನ್ನು ನಿನ್ನಂತೆಯೇ ನೋಡು ಎಂದು ನಮಗೆ ಕಲಿಸಿದ್ದಾರೆ. ನಿಮ್ಮ ಮನೆಗಳಲ್ಲೂ ಬೇರೆ ಮಾತಿನಲ್ಲಿ ಅದನ್ನೇ ಕಲಿಸಿರುತ್ತಾರೆ. ಅಂಗಡಿ ಸುಟ್ಟವರನ್ನು ಹಿಡಿದು ಶಿಕ್ಷಿಸಲಿ, ಬೇಡ ಅನ್ನುವುದಿಲ್ಲ. ಆದರೆ ಈ ಹೆಂಗಸಿನ ಕೈ ಇಷ್ಟು ವರ್ಷ ನಿಮ್ಮ ಹೆಣ್ಣುಮಕ್ಕಳ ಕೈ ಹಿಡಿದ ಕೈ. ಆ ಕೈ ಏನು ಸುಟ್ಟಿತು ಎಂದು ಯಾರಾದರೂ ಹೇಳಿ.”

ಸಂಗಪ್ಪ ಎದ್ದ. ಅವನು ಕೂಗಲಿಲ್ಲ. “ನೀವು ಹೊಳಿ ಆಚಿಯವರು. ನಾಳೆ ರೈಲು ಹತ್ತಿ ಹೋಗ್ತೀರಿ. ನಿಮ್ಮ ಮಂದೀನ್ನ ಕೇಳ್ತೀನಿ. ನನ್ನ ತಮ್ಮನ ಅಂಗಡಿ ಸುಟ್ಟಾಗ ನೀವೆಲ್ಲಿದ್ರಿ? ಆವಾಗೂ ಕಣ್ಣು ಮುಚ್ಚಿದ್ರೇನು?”

ನಾನು ಕೂತೆ. ದೇವಪ್ಪ ಎದ್ದ.

“ಮುಚ್ಚಿದ್ವಿ ಸಂಗಪ್ಪಣ್ಣ. ಕೇರ್ಯಾಗ ಕದ ಹಾಕ್ಕೊಂಡು ಕುಂತಿದ್ವಿ. ಹೊಗಿ ಕಂಡಿತ್ತು. ನೀರು ತರಾಕ ಬರಬಹುದಿತ್ತು, ಬರಲಿಲ್ಲ. ಅದು ತಪ್ಪು. ನಿನಗ ಅದನ್ನ ಹೇಳಾಕ ಇಷ್ಟು ದಿನ ಬಾಯಿ ಬರಲಿಲ್ಲ, ಅದೂ ತಪ್ಪು. ನಿನ್ನ ಕಡಿ ಒಮ್ಮೆ ಸುಮ್ಮ ಕುಂತ್ವಿ, ಈಕಿ ಕಡಿ ಒಮ್ಮೆ ಸುಮ್ಮ ಕುಂತ್ವಿ. ಮತ್ತೊಮ್ಮೆ ಕೂಡಬಾರದಂತ ಎದ್ದೀವಿ.”

ಸಂಗಪ್ಪ ದೇವಪ್ಪನನ್ನು ದಿಟ್ಟಿಸಿ ನೋಡಿದ. ಅವನಿಗೆ ಬೇಕಾಗಿದ್ದ ಜಗಳ ಸಿಗಲಿಲ್ಲ, ಅದಕ್ಕಿಂತ ಬಹಳ ದಿನದಿಂದ ಬೇಕಾಗಿದ್ದ ಬೇರೇನೋ ಸಿಕ್ಕಿತ್ತು ಎಂದು ನನಗೆ ತೋರಿತು. ಹೆಗಲ ವಲ್ಲಿ ತೆಗೆದು ಮುಖ ಒರೆಸಿಕೊಂಡ.

“ಮತ್ತ ಎಣಸ್ರಿ” ಎಂದ ವಕೀಲರಿಗೆ. “ನಾ ಕೈ ಎತ್ತಂಗಿಲ್ಲ, ಅದು ನನ್ನಿಂದ ಆಗಂಗಿಲ್ಲ. ಬ್ಯಾಡ ಅಂತನೂ ಎತ್ತಂಗಿಲ್ಲ. ಆದ್ರ ನನ್ನ ತಮ್ಮನ ಅಂಗಡಿ ಮಾತೂ ಮುಂದಿನ ಸಭ್ಯಾಗ ಬರಬೇಕು.”

“ಬರ್ತದ” ಎಂದರು ವಕೀಲರು.

“ಆವಾಗೂ ನಮ್ಮ ಕೈ ಇರ್ತಾವ” ಎಂದ ದೇವಪ್ಪ.

ಕೈ ಎತ್ತಲು ಹೇಳಿದಾಗ ನಮ್ಮ ಅಂಚು ಮೊದಲು ಎದ್ದಿತು. ಸುವಾರ್ತಮ್ಮ ಎರಡೂ ಕೈ ಎತ್ತಿಬಿಟ್ಟಳು, “ಒಂದ ಸಾಕು ಯವ್ವಾ” ಎಂದು ವಕೀಲರು ಒಂದನ್ನು ಇಳಿಸಲು ಹೇಳಬೇಕಾಯಿತು. ನಡುವಿನಿಂದ, ಅಂಗಡಿಕಾರರ ಸಾಲಿನಿಂದಲೂ ಒಂದೊಂದು ಎದ್ದಿತು. ನಾನು ಆ ಸೀಮೆಯವನಲ್ಲದ ಕಾರಣ ನನ್ನ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ನೋಡುತ್ತ ಕೂತೆ. ಕೂಲಿಗೆ ಹೋದಾಗ ಬಿಟ್ಟರೆ ಯಾರೂ ಎಣಿಸದಿದ್ದ ಕೈಗಳನ್ನು ಆ ಹಿರಿಯ ವಕೀಲರು ಬೆರಳಿಟ್ಟು ಒಂದೊಂದಾಗಿ ಎಣಿಸುತ್ತಿದ್ದರು. ನಾನು ಹೆದರಿ ಹಿಡಿದಿಟ್ಟದ್ದು ಇದನ್ನೇ. ಮತ್ತೊಂದು ಅವಕಾಶ ಸಿಕ್ಕಿತಲ್ಲ ಎಂದು ದೇವರಿಗೂ ಆ ಊರಿಗೂ ಮನಸ್ಸಿನಲ್ಲೇ ವಂದಿಸಿದೆ. ಬಹಳ ಚಿಕ್ಕ ವಂದನೆ.

ಹಳೆಯ ಸಾಲಿಗೆ ಹಳೆಯ ಜಾಗ ಉಳಿಯಿತು.

ಸಂತೆ

ಮಾರನೆಯ ದಿನ ರಾಯಚೂರಿನ ಬಸ್ಸಿಗೆ ಇನ್ನೂ ಸಮಯವಿತ್ತು. ದೇವಪ್ಪ ದಂಪತಿಗಳ ಜೊತೆ ಸಂತೆಗೆ ಹೋದೆ. ಹುಸೇನಬಿ ಬೇವಿನ ಕೆಳಗೆ ಚಾಪೆ ಹಾಸಿ, ದಾರಕ್ಕೆ ಪೋಣಿಸಿದ ಹಸಿರು, ಕೆಂಪು ಬಳೆಯ ಮಲಾರಗಳನ್ನು ಸಾಲಾಗಿ ಇಟ್ಟು ಕೂತಿದ್ದಳು. ಮಂದಿ ಆ ಕಡೆ ನೋಡುತ್ತಿದ್ದರು, ದಾಟಿ ಹೋಗುತ್ತಿದ್ದರು. ಕೈ ಎತ್ತಿದವರೂ ಹೋಗುತ್ತಿದ್ದರು. ಜಾಗ ಕೊಡುವುದು ಬೇರೆ, ಮೊದಲು ಹೋಗಿ ಕೂಡುವುದು ಬೇರೆ. ಬಿಸಿಲು ಏರಿತು. ಪಕ್ಕದ ಅಂಗಡಿಯಲ್ಲಿ ಸಂಗಪ್ಪ ತಕ್ಕಡಿ ಒರೆಸುತ್ತ ಈ ಕಡೆ ನೋಡದೆ ಕೂತಿದ್ದ.

“ಸಂತೋಷಮ್ಮ, ನೀನೇ ಹೋಗವ್ವಾ” ಎಂದೆ.

ಅವಳು ತಲೆ ಅಲ್ಲಾಡಿಸಿದಳು. “ನಾ ಹೋಗಬಾರದ್ರಿ. ಬೋಣಿ ಇನ್ನೂ ಆಗಿಲ್ಲ.”

ಅವಳು ವಿವರಿಸಿದ ಮೇಲೆ ನನಗೆ ತಿಳಿಯಿತು. ದಿನದ ಮೊದಲ ವ್ಯಾಪಾರವಾದ ಬೋಣಿ ಯಾರ ಕೈಯಿಂದ ಆಗುತ್ತದೋ ಅದರ ಮೇಲೆ ಇಡೀ ದಿನದ ವ್ಯಾಪಾರ ನಿಂತಿದೆ ಎಂದು ಸಂತೆಯವರ ನಂಬಿಕೆ. ಕ್ರೈಸ್ತರಾದ ಮೇಲೂ ಊರಿನ ಕಣ್ಣಿಗೆ ಅಸ್ಪೃಶ್ಯರಾಗಿಯೇ ಉಳಿದ ನಮ್ಮ ಕೇರಿಯವರ ಕೈಯಿಂದ ಬೋಣಿಯನ್ನು ಯಾರೂ ಮಾಡಿಸಿಕೊಳ್ಳುವುದಿಲ್ಲ. ನಮ್ಮವರು ಕೊಟ್ಟ ದುಡ್ಡನ್ನು ನೆಲದ ಮೇಲೆ ಇಡಿಸಿ ಆಮೇಲೆ ಎತ್ತಿಕೊಳ್ಳುವವರೂ ಇದ್ದಾರೆ. ಇಷ್ಟು ಕಷ್ಟಪಟ್ಟು ಉಳಿಸಿದ ಜಾಗದಲ್ಲಿ ಮೊದಲ ದಿನವೇ ತಾನು ಹೋಗಿ ಅವಳ ವ್ಯಾಪಾರ ಕೆಡಿಸಬಾರದೆಂದು ಸಂತೋಷಮ್ಮ ನಿಂತಿದ್ದಳು. ನಮ್ಮ ಹೆಂಗಸರೆಲ್ಲರೂ ಹಾಗೆಯೇ ಸ್ವಲ್ಪ ದೂರದಲ್ಲಿ ಗುಂಪಾಗಿ ಕಾಯುತ್ತಿದ್ದರು.

ಹುಸೇನಬಿ ನಮ್ಮನ್ನು ಬಹಳ ಹೊತ್ತಿನಿಂದ ನೋಡುತ್ತಿದ್ದಳೆಂದು ಕಾಣುತ್ತದೆ.

“ಏ ಸಂತೋಷಿ, ಎಟ್ಟೊತ್ತು ನಿಂದಿರತಿ? ಬಾ ಬೇ. ಮುಂಜಾಲಿಂದ ಬೋಣಿಗಿ ಕುಂತೀನಿ.”

“ಬ್ಯಾರೆಯವ್ರು ಯಾರರ ಮೊದಲು ಬರ್ಲಿ ಅಕ್ಕಾ” ಎಂದಳು ಸಂತೋಷಮ್ಮ, ನಿಂತಲ್ಲಿಂದಲೇ.

“ನನ್ನ ಬೋಣಿ ಯಾರು ಮಾಡಬೇಕಂತ ನನಗ ಗೊತ್ತಿಲ್ಲೇನು? ಕುಂದ್ರು ಬಾ.”

ತಕ್ಕಡಿ ಒರೆಸುತ್ತಿದ್ದ ಸಂಗಪ್ಪ ಈ ಕಡೆ ತಿರುಗಿದ. ಸಂತೋಷಮ್ಮ ಸೆರಗು ಸರಿಮಾಡಿಕೊಂಡು ಹೋಗಿ ಚಾಪೆಯ ಹೊರಗೆ ಮಣ್ಣಿನಲ್ಲಿ ಕೂತಳು. ಹುಸೇನಬಿ ಅವಳ ಮೊಣಕೈ ಹಿಡಿದು ಚಾಪೆಯ ಮೇಲೆ ಎಳೆದುಕೊಂಡಳು. ಹಬ್ಬಕ್ಕೆ ಬಳೆ ಇಟ್ಟ ಕೈಗೆ ಇನ್ನೊಂದು ಹಸಿರು ಬಳೆ ಆರಿಸಿದಳು. “ಕೈ ಸಡ್ಲ ಬಿಡು. ಕಲ್ಲಿನಂಗ ಹಿಡದೀಯಲ್ಲ” ಎಂದು ಹಿಸುಕುತ್ತ ಹಿಸುಕುತ್ತ ಬಳೆಯನ್ನು ಏರಿಸಿದಳು. ಸಂತೋಷಮ್ಮ ರೂಢಿಯಂತೆ ದುಡ್ಡನ್ನು ನೆಲದ ಮೇಲಿಡಲು ಬಾಗಿದಳು. ಹುಸೇನಬಿ ಅದನ್ನು ನೆಲ ಮುಟ್ಟಗೊಡಲಿಲ್ಲ. ಅವಳ ಅಂಗೈಯಿಂದಲೇ ತೆಗೆದುಕೊಂಡು, ಎರಡೂ ಕಣ್ಣಿಗೆ ಒತ್ತಿಕೊಂಡು, ಮಡಿಲಿಗೆ ಹಾಕಿಕೊಂಡಳು.

ಆಮೇಲೆ ತಲೆ ಎತ್ತಿ ಸುತ್ತ ನಿಂತ ಮಂದಿಯನ್ನು ಒಮ್ಮೆ ನೋಡಿ ಕೇಳಿದಳು:

“ಹ್ಞೂಂ, ಇನ್ಯಾರು? ಬರ್ರಿ.”